ಸಣ್ಣ ಮ್ಯೂಸಿಯಂಗೆ ಪೋಷಕರನ್ನ ಸೇರಿಸುದು ಹೇಗೆ: ಹೋವರ್‌ಕ್ರಾಫ್ಟ್ ಮ್ಯೂಸಿಯಂ ನೋಡಿ ಬಂದ ಮೇಲೆ ಮಲ್ಪೆಯಿಂದ ಬರೆದದ್ದು

ಮೊನ್ನೆ ಕುಂದಾಪುರ ಕಡೆಯವರೊಬ್ರು ಫೋನ್ ಮಾಡಿದ್ರು. ಅವರ ಅಜ್ಜನ ಕಾಲದ ಎಣ್ಣೆ ಗಾಣ, ಮರದ ಸೇರು, ಕಳಸಿಗೆ, ಹಳೆ ಬಾಗಿಲು ಎಲ್ಲ ಸೇರಿಸಿ ಒಂದು ಸಣ್ಣ ಮ್ಯೂಸಿಯಂ ಮಾಡ್ಬೇಕಂತೆ, "ಅಣ್ಣ, ದಾನಿಗಳನ್ನ ಎಲ್ಲಿ ಹುಡುಕುದು, ಅವರ ಹತ್ರ ಹೇಗೆ ಕೇಳುದು" ಅಂತ ಕೇಳಿದ್ರು. ಒಂದು ಗಂಟೆ ಮಾತಾಡಿದ್ರೂ ಮುಗಿಲಿಲ್ಲ, ಹಾಗಾಗಿ ಬರೆದೇ ಬಿಡುವ ಅಂತ ಕೂತೆ. ನಾವು ಒಂದಷ್ಟು ಜನ ಮಲ್ಪೆ ಹತ್ರ ಹಳೆ ನಾಡದೋಣಿ, ರಂಪಣಿ ಬಲೆಯ (ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ದೊಡ್ಡ ಬಲೆ) ತುಂಡು, ಕೆಟ್ಟು ನಿಂತ ಬೋಟಿನ ಎಂಜಿನ್ ಇಂಥದ್ದನ್ನೆಲ್ಲ ಜೋಪಾನ ಮಾಡ್ತಾ ಒಂಬತ್ತು ವರ್ಷ ಆಯ್ತು, ಅದರಲ್ಲಿ ಕಲಿತದ್ದು ಅರ್ಧ, ಇನ್ನರ್ಧ ಇಂಗ್ಲೆಂಡಲ್ಲಿ ಹೋವರ್‌ಕ್ರಾಫ್ಟ್ ಮ್ಯೂಸಿಯಂ ನೋಡಿ ಕಲಿತದ್ದು.

ಹೋವರ್‌ಕ್ರಾಫ್ಟ್ ಅಂದ್ರೆ ಎಂತ ಅಂತ ಪಣಂಬೂರು ಕಡೆಯವರಿಗೆ ಹೇಳ್ಬೇಕಂತ ಇಲ್ಲ, ಕೋಸ್ಟ್ ಗಾರ್ಡ್‌ನವರದ್ದು ಕಡಲಲ್ಲಿ ಬಂದು ಹಾಗೇ ಸೀದಾ ಮರಳಿಗೆ ಹತ್ತುದನ್ನ ನೋಡಿದವರು ಇದ್ದಾರೆ. ನೋಡದವರಿಗೆ ಇಷ್ಟು ಸಾಕು, ದೊಡ್ಡ ಫ್ಯಾನ್ ಗಾಳಿಯನ್ನ ಅಡಿಗೆ ತಳ್ತದೆ, ಸುತ್ತ ರಬ್ಬರಿನ ದಪ್ಪ ಬಟ್ಟೆ ಲಂಗದ ಹಾಗೆ ನೇತಾಡ್ತದೆ, ಅದಕ್ಕೆ ಸ್ಕರ್ಟ್ ಅಂತಲೇ ಹೆಸರು, ಆ ಸ್ಕರ್ಟಿನ ಒಳಗೆ ಗಾಳಿ ಕಟ್ಟಿ ಇಡೀ ಗಾಡಿ ಎದ್ದು ನಿಲ್ತದೆ, ಆಮೇಲೆ ನೀರೂ ಒಂದೇ ಕೆಸರೂ ಒಂದೇ. ಅಕ್ಕನ ಮಗಳು ಪೋರ್ಟ್ಸ್‌ಮತ್‌ನಲ್ಲಿ ಇರುದು, ಅವಳ ಮನೆಗೆ ಹೋದಾಗ ಮಾವನಿಗೆ ಬೋಟಿನ ಹುಚ್ಚು ಅಂತ ಗೊತ್ತಿದ್ದ ಕಾರಣ ಅವಳೇ ಶನಿವಾರ ಕರ್ಕೊಂಡು ಹೋದ್ಲು. ಲೀ-ಆನ್-ದ-ಸೋಲೆಂಟ್ ಅಂತ ಕಡಲ ಬದಿಯ ಊರು, ಅಲ್ಲಿ ನೌಕಾಪಡೆಯ ಹಳೆ ವಿಮಾನ ನಿಲ್ದಾಣದ ಜಾಗದಲ್ಲಿ ಮ್ಯೂಸಿಯಂ ಉಂಟು. ಒಳಗೆ ಹೋದ ಕೂಡ್ಲೇ ಎದುರಿಗೆ ಪ್ರಿನ್ಸೆಸ್ ಆನ್ ಅಂತ ಹೆಸರಿನ ದೊಡ್ಡ ಹೋವರ್‌ಕ್ರಾಫ್ಟ್. ಉದ್ದ 56 ಮೀಟರ್, ನಮ್ಮ ಪರ್ಸೀನ್ ಬೋಟ್ (ಮೀನಿನ ಹಿಂಡಿಗೆ ಸುತ್ತ ಬಲೆ ಬಿಡುವ ಬೋಟ್) ಎರಡು ಉದ್ದಕ್ಕೆ ನಿಲ್ಲಿಸಿದ್ರೂ ಸಾಕಾಗುದಿಲ್ಲ. 418 ಜನ, 60 ಕಾರು ಹೊತ್ಕೊಂಡು ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಹೋಗ್ತಿದ್ದದ್ದು, 1995ರ ಸೆಪ್ಟೆಂಬರ್ 14ಕ್ಕೆ 22 ನಿಮಿಷದಲ್ಲಿ ದಾಟಿದ ದಾಖಲೆ ಅದರದ್ದೇ. ಅದರ ಕಿಟಕಿಯ ಅಂಚಲ್ಲಿ ಒಬ್ರು ವಯಸ್ಸಾದವರು ಹಳೆ ಬನಿಯನ್ ತುಂಡು ಹಿಡ್ಕೊಂಡು ಉಪ್ಪಿನ ಬಿಳಿ ಪೊರೆಯನ್ನ ಉಜ್ಜುತ್ತಾ ಇದ್ರು, ಒಂದು ಕಿಟಕಿ ಮುಗಿಸಿ ಇನ್ನೊಂದಕ್ಕೆ, ನಾವು ಸುತ್ತು ಹಾಕಿ ಎರಡು ಗಂಟೆ ಬಿಟ್ಟು ಬಂದಾಗ ನಾಲ್ಕನೇ ಕಿಟಕಿಯಲ್ಲಿದ್ರು. ಸಂಬಳ ಇಲ್ಲ. ಆ ಮ್ಯೂಸಿಯಂ ನಡೆಯುದೇ ಇಂಥ ಸ್ವಯಂಸೇವಕರಿಂದ. ನನಗೆ ಆ ಕೈ ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಯಾಕಂದ್ರೆ ಅಷ್ಟರವರೆಗೆ ಪೋಷಕರು ಅಂದ್ರೆ ಆಮಂತ್ರಣ ಪತ್ರಿಕೆಯ ಮೊದಲ ಪುಟದಲ್ಲಿ ಹೆಸರು ಇರುವವರು ಅಂತಲೇ ನಾವು ತಿಳ್ಕೊಂಡದ್ದು.

ಹಾಗಾಗಿ ಮೊದಲ ಮಾತು. ದುಡ್ಡು ಕೇಳ್ಳಿಕ್ಕೆ ಹೋಗ್ಬೇಡಿ, ಮೊದಲು ಬೇಕಾದ್ದರ ಪಟ್ಟಿ ಮಾಡಿ. ನಮ್ಮ ಊರಿಗೆ ಇದು ಹೊಸತಲ್ಲ. ದೇವಸ್ಥಾನದ ಬ್ರಹ್ಮಕಲಶ ಅಂದ್ರೆ ಹೊರೆಕಾಣಿಕೆ ಹೇಗೆ ಬರ್ತದೆ ನೋಡಿ, ಸಮಿತಿಯವರು ಅಕ್ಕಿ ಇಷ್ಟು ಬೇಕು, ತೆಂಗಿನಕಾಯಿ, ಬಾಳೆ ಎಲೆ, ಸೌತೆಕಾಯಿ, ಕುಂಬಳಕಾಯಿ, ಸೀಯಾಳ ಅಂತ ಹೇಳ್ತಾರೆ, ಒಂದೊಂದು ಗ್ರಾಮದವರು ಗಾಡಿ ತುಂಬಿಸಿ ಮೆರವಣಿಗೆಯಲ್ಲಿ ತರ್ತಾರೆ. ಹತ್ತು ಸಾವಿರ ಕೊಡ್ಲಿಕ್ಕೆ ಆಗದವನು ಎರಡು ತೆಂಗಿನಕಾಯಿ ತರ್ತಾನೆ, ತಂದ ಮೇಲೆ ಆ ದೇವಸ್ಥಾನ ಅವನದ್ದೂ ಆಗ್ತದೆ. ಮ್ಯೂಸಿಯಂಗೂ ಅದೇ ಲೆಕ್ಕ. ನಾವು ಮೊದಲ ಸಲ ಹಾಕಿದ ಪಟ್ಟಿಯಲ್ಲಿ ಹೀಗೆಲ್ಲ ಇತ್ತು: ದೋಣಿಗೆ ಹಚ್ಚಲಿಕ್ಕೆ ಮೀನೆಣ್ಣೆ ಎರಡು ಕ್ಯಾನ್, ಟಾರ್ಪಲ್ ಒಂದು, ಜಂಕು ತೆಗಿಲಿಕ್ಕೆ ವಯರ್ ಬ್ರಷ್ ಆರು, ಅರ್ಧ ದಿನಕ್ಕೆ ಒಬ್ಬ ವೆಲ್ಡರ್, ದೋಣಿಯನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸ್ಲಿಕ್ಕೆ ಹನ್ನೆರಡು ಜನ, ಹಳೆ ಎಂಜಿನ್ ಬಿಚ್ಚಲಿಕ್ಕೆ ಗೊತ್ತಿರುವ ಒಬ್ರು. ವಾಟ್ಸಾಪ್ ಗ್ರೂಪಲ್ಲಿ ಹಾಕಿ ಮರುದಿನ ಸಂಜೆ ಒಳಗೆ ವೆಲ್ಡರ್ ಒಂದು ಬಿಟ್ಟು ಎಲ್ಲ ಸಿಕ್ಕಿತು. ಅದಕ್ಕಿಂತ ಮೊದಲು ಒಂದು ವರ್ಷ ಇಡೀ "ಉದಾರ ದೇಣಿಗೆ ನೀಡಿ ಸಹಕರಿಸಿ" ಅಂತ ಹಾಕ್ತಾ ಇದ್ದೆವು, ಆಗ ಬಂದದ್ದು ಮೂರೋ ನಾಲ್ಕೋ ಜನರಿಂದ ಮಾತ್ರ. ವ್ಯತ್ಯಾಸ ಎಂತ ಅಂದ್ರೆ ಪಟ್ಟಿ ನೋಡಿದವನಿಗೆ ತನ್ನ ಕೈಯಲ್ಲಿ ಯಾವುದು ಆಗ್ತದೆ ಅಂತ ಕಾಣ್ತದೆ.

ಎಂಜಿನ್ ಬಿಚ್ಚಲಿಕ್ಕೆ ಬಂದವರು ರಿಟೈರ್ ಆದ ಮೆಕ್ಯಾನಿಕ್, ಬೋಟಿನ ಎಂಜಿನ್‌ಗಳಲ್ಲೇ ಅವರ ಜೀವನ ಹೋದದ್ದು. ಡೀಸೆಲ್ ಪಂಪಿನ ನಟ್ಟು ಜಂಕು ಹಿಡಿದು ಕಲ್ಲಾಗಿತ್ತು, ನಮ್ಮ ಹುಡುಗರು ಪೈಪ್ ಹಾಕಿ ಸ್ಪ್ಯಾನರ್ ತಿರುಗಿಸ್ಲಿಕ್ಕೆ ಹೊರಟ್ರೆ ಅವರು ಬೇಡ ಅಂತ ಕೈ ಹಿಡಿದ್ರು, ಸುತ್ತ ಡೀಸೆಲ್ ಬಿಟ್ಟು ರಾತ್ರಿ ಇಡೀ ಬಿಡಿ ಅಂದ್ರು, ಮರುದಿನ ಬಂದು ಸಣ್ಣ ಸುತ್ತಿಗೆಯಲ್ಲಿ ನಟ್ಟಿನ ಆರೂ ಮುಖಕ್ಕೆ ಒಂದೊಂದೇ ಮೆಲ್ಲ ಬಡಿದು, ಕಿವಿ ಹತ್ರ ಇಟ್ಟು, ಸದ್ದು ಬದಲಾದ ಮೇಲೆ ತಿರುಗಿಸಿದ್ರು, ಬಂತು. ಅವರಿಂದ ಒಂದು ರೂಪಾಯಿ ಬಂದದ್ದಿಲ್ಲ, ಆದ್ರೆ ನಮ್ಮ ದೊಡ್ಡ ಪೋಷಕ ಯಾರು ಅಂತ ಕೇಳಿದ್ರೆ ನಾನು ಅವರನ್ನೇ ತೋರಿಸುದು.

ಇನ್ನು ಹೆಸರಿನ ಪೋಷಕರು. ಅವರು ಬೇಡ ಅಂತ ಅಲ್ಲ, ಬೇಕು, ಆದ್ರೆ ಯಾಕೆ ಬೇಕು ಅಂತ ನಿಮಗೆ ಗೊತ್ತಿರ್ಬೇಕು. ಹೋವರ್‌ಕ್ರಾಫ್ಟಿನ ಕಥೆಯನ್ನೇ ತಗೊಳ್ಳಿ. ಕ್ರಿಸ್ಟೋಫರ್ ಕಾಕರೆಲ್ ಅಂತ ಎಂಜಿನಿಯರ್, ಸಣ್ಣ ದೋಣಿ ಕಟ್ಟುವ ವ್ಯಾಪಾರ ಮಾಡ್ತಿದ್ದವರು, ಒಂದು ಕಾಫಿ ಡಬ್ಬದ ಒಳಗೆ ಬೆಕ್ಕಿನ ಆಹಾರದ ಡಬ್ಬ ಇಟ್ಟು, ಎರಡರ ಮಧ್ಯದ ಸಂದಿಯಿಂದ ಗಾಳಿ ಬಿಟ್ಟು, ಅಡುಗೆ ಮನೆಯ ತಕ್ಕಡಿಯಲ್ಲಿ ಅದರ ಒತ್ತಡ ಅಳೆದು ನೋಡಿದವರು. 1950ರ ದಶಕದ ಮಾತು. ಸ್ವಂತ ಸಾಮಾನು ಮಾರಿ ಪ್ರಯೋಗ ಮುಂದುವರಿಸಿದ್ರು. ಆಮೇಲೆ ಅಲ್ಲಿಯ ಸರ್ಕಾರದ ನ್ಯಾಷನಲ್ ರಿಸರ್ಚ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ದುಡ್ಡು ಹಾಕಿತು, ಸಾಂಡರ್ಸ್-ರೋ ಕಂಪನಿ ಎಸ್‌ಆರ್.ಎನ್1 ಅಂತ ಹೋವರ್‌ಕ್ರಾಫ್ಟ್ ಕಟ್ಟಿತು, 1959ರ ಜೂನ್ 11ಕ್ಕೆ ಎಲ್ಲರೆದುರು ಓಡಿಸಿದ್ರು, ಅದೇ ಜುಲೈ 25ಕ್ಕೆ ಇಂಗ್ಲಿಷ್ ಕಾಲುವೆ ದಾಟಿತು. ನೋಡಿ, ಮೊದಲು ಸ್ವಂತ ಕೈಯಿಂದ ಹೋಗಿತ್ತು, ದೊಡ್ಡವರು ಬಂದದ್ದು ಆಮೇಲೆ. ಪ್ರಿನ್ಸೆಸ್ ಆನ್‌ನಂಥ ದೊಡ್ಡ ಹೋವರ್‌ಕ್ರಾಫ್ಟ್‌ಗಳಿಗೆ ಮೌಂಟ್‌ಬ್ಯಾಟನ್ ಕ್ಲಾಸ್ ಅಂತ ಹೆಸರು, ನಮ್ಮ ಕೊನೆಯ ವೈಸ್‌ರಾಯ್ ಆಗಿದ್ದ ಅದೇ ಮೌಂಟ್‌ಬ್ಯಾಟನ್. ಇನ್ನು ಅಲ್ಲಿಯ ಆಗಿನ ರಾಣಿಯ ಗಂಡ ಪ್ರಿನ್ಸ್ ಫಿಲಿಪ್, ಎಸ್‌ಆರ್.ಎನ್1ನ ಚುಕ್ಕಾಣಿ ತಾನೇ ಹಿಡಿದು ಜೋರಾಗಿ ಓಡಿಸಿ ಮೂತಿ ತಗ್ಗು ಮಾಡಿದ್ರು, ಆ ತಗ್ಗನ್ನ ರಿಪೇರಿ ಮಾಡದೆ ಹಾಗೇ ಬಿಟ್ಟು ಅದಕ್ಕೆ ರಾಯಲ್ ಡೆಂಟ್ ಅಂತ ಹೆಸರಿಟ್ರು. ನನಗೆ ಇದು ತುಂಬ ಇಷ್ಟ ಆದದ್ದು. ಪೋಷಕನನ್ನ ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸಿ ಕಳಿಸಿದ್ರೆ ಅವರಿಗೆ ನೆನಪಿರುದಿಲ್ಲ, ಅಂಥ ಶಾಲು ಅವರ ಮನೆಯಲ್ಲಿ ಐವತ್ತು ಉಂಟು. ಅವರ ಕೈಗೆ ಚುಕ್ಕಾಣಿ ಕೊಡಿ. ದೋಣಿ ತಳ್ಳುವಾಗ ಹಗ್ಗ ಹಿಡಿಸಿ, ಎಂಜಿನ್ ಸ್ಟಾರ್ಟ್ ಮಾಡುವಾಗ ಹ್ಯಾಂಡಲ್ ತಿರುಗಿಸ್ಲಿ.

ನಾವು ಮೊದಲ ವರ್ಷ ಲೆಟರ್‌ಹೆಡ್‌ನಲ್ಲಿ ಹನ್ನೊಂದು ಜನ ಗೌರವ ಪೋಷಕರು ಅಂತ ಪ್ರಿಂಟ್ ಹಾಕಿಸಿದ್ದೆವು, ಅದರಲ್ಲಿ ಏಳು ಜನ ನಮ್ಮ ಶೆಡ್ಡಿನ ಬಾಗಿಲು ಕೂಡ ನೋಡಿದವರಲ್ಲ. ಈಗ ಇಬ್ಬರೇ. ಒಬ್ರು ವರ್ಷಕ್ಕೆ ಒಂದು ಸಲ ಬಂದು ಲೆಕ್ಕಪತ್ರ ನೋಡಿ ಸಹಿ ಹಾಕ್ತಾರೆ, ಇನ್ನೊಬ್ರು ಪಂಚಾಯತ್, ಮೀನುಗಾರಿಕೆ ಇಲಾಖೆ ಅಂತ ಎಲ್ಲಿಗಾದ್ರೂ ಹೋಗುದಿದ್ರೆ ನಮ್ಮ ಜೊತೆ ಬರ್ತಾರೆ, ಅಷ್ಟೇ ಅವರ ಕೆಲಸ, ಮತ್ತು ಅದು ದೊಡ್ಡ ಕೆಲಸ. ಕೇಳುವಾಗಲೇ "ಸರ್, ವರ್ಷಕ್ಕೆ ಎರಡು ದಿನ ಬೇಕು, ಈ ಈ ಕೆಲಸಕ್ಕೆ" ಅಂತ ಬಿಡಿಸಿ ಹೇಳಿ. ಆಗುದಿಲ್ಲ ಅಂದ್ರೆ ಬೇಜಾರಿಲ್ಲ. ಕೇಳದೆ ಯಾರ ಹೆಸರನ್ನೂ ಪ್ರಿಂಟ್ ಮಾಡ್ಬೇಡಿ.

ದೊಡ್ಡ ದಾನ ಹೇಗಿರ್ತದೆ ಅಂತ ನೋಡ್ಲಿಕ್ಕೆ ಇಂಗ್ಲೆಂಡಿಗೆ ಹೋಗುದು ಬೇಡ, ಮಂಗಳೂರಿನ ಬಿಜೈಗೆ ಹೋಗಿ. ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ ಹಡಗಿನ ಆಕಾರದಲ್ಲಿ ಉಂಟು, ಅದು ಕರ್ನಲ್ ವಿ.ಆರ್. ಮಿರಾಜ್‌ಕರ್ ಅವರು ಅಮ್ಮನ ನೆನಪಿಗೆ ಕೊಟ್ಟ ಮನೆ, 1960ರಲ್ಲಿ ಜನರಿಗೆ ತೆರೆದದ್ದು. ಬೋರ್ಡಿನಲ್ಲಿ ಇರುದು ಅಮ್ಮನ ಹೆಸರು. ನಮ್ಮಲ್ಲಿ ಕೊಡುವವರು ಹೆಚ್ಚಾಗಿ ತಮ್ಮ ಹೆಸರಿಗಿಂತ ಅಪ್ಪ ಅಮ್ಮನ ಹೆಸರಿಗೆ ಕೊಡ್ತಾರೆ, ಇದನ್ನ ನೆನಪಿಡಿ, ರಶೀದಿಯಲ್ಲಿ "ಇವರ ಸ್ಮರಣಾರ್ಥ" ಅಂತ ಒಂದು ಸಾಲಿಗೆ ಜಾಗ ಬಿಡಿ. ಆ ಒಂದು ಸಾಲಿನಿಂದ ನಮಗೆ ಶೆಡ್ಡಿನ ಶೀಟು ಅರ್ಧಕ್ಕರ್ಧ ಬಂತು.

ಜಾಗದ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಮ್ಯೂಸಿಯಂ ಮುಳುಗುದು ದುಡ್ಡಿಲ್ಲದೆ ಅಲ್ಲ, ಹೆಚ್ಚಾಗಿ ಜಾಗದಿಂದ. ಲೀ-ಆನ್-ದ-ಸೋಲೆಂಟ್‌ನಲ್ಲಿ ಪ್ರಿನ್ಸೆಸ್ ಆನ್ ಒಂದೇ ಇದ್ದದ್ದಲ್ಲ, ಅದರ ಅಕ್ಕ ಪ್ರಿನ್ಸೆಸ್ ಮಾರ್ಗರೆಟ್ ಕೂಡ ಇತ್ತು. 1994ರಲ್ಲಿ ಕಡಲಡಿಯ ಸುರಂಗ ತೆರೆದ ಮೇಲೆ ರೈಲಲ್ಲೇ ದಾಟುವ ಹಾಗೆ ಆಯ್ತು, ತುಂಬ ಎಣ್ಣೆ ಕುಡಿಯುವ ನಾಲ್ಕು ರೋಲ್ಸ್-ರಾಯ್ಸ್ ಪ್ರೋಟಿಯಸ್ ಟರ್ಬೈನಿನ ಗಾಡಿಗೆ ನಿಲ್ಲಲಿಕ್ಕೆ ಆಗ್ಲಿಲ್ಲ, 2000ದ ಅಕ್ಟೋಬರ್ 1ಕ್ಕೆ ಕೊನೆಯ ಓಟ. ಎರಡನ್ನೂ ಆ ಜಾಗಕ್ಕೆ ತಂದು ನಿಲ್ಲಿಸಿದ್ರು. ಜಾಗ ಸರ್ಕಾರದ ಒಂದು ಸಂಸ್ಥೆಯದ್ದು. 2016ರಲ್ಲಿ ಎರಡನ್ನೂ ಗುಜರಿಗೆ ಹಾಕುವ ಮಾತು ಬಂತು. ಆಗ ಜನ ಎದ್ದು ನಿಂತ್ರು, 20 ಸಾವಿರಕ್ಕಿಂತ ಹೆಚ್ಚು ಸಹಿ ಬಿತ್ತು, ಪ್ರಿನ್ಸೆಸ್ ಆನ್ ಉಳಿಯಿತು. ಮಾರ್ಗರೆಟ್ ಉಳಿಲಿಲ್ಲ, 2018ರಲ್ಲಿ ಒಡೆದು ಹಾಕಿದ್ರು. ಆ ಸಹಿ ಹಾಕಿದವರಲ್ಲಿ ಎಷ್ಟೋ ಜನ ಸಣ್ಣದಿರುವಾಗ ಒಂದು ಸಲ ಅಪ್ಪ ಅಮ್ಮನ ಜೊತೆ ಅದರಲ್ಲಿ ಕೂತು ಫ್ರಾನ್ಸಿಗೆ ಹೋದವರು ಇರ್ಬೇಕು ಅಂತ ನನಗೆ ಕಾಣುದು. ಒಂದು ಸಲ ಹತ್ತಿದ ನೆನಪೂ ಒಂದು ಬಂಡವಾಳವೇ.

ನಮಗೆ ಆಗಿದ್ದು ಇನ್ನೂ ಸಣ್ಣದು, ಆದ್ರೆ ಈಗ್ಲೂ ಎದೆಯಲ್ಲಿ ಉಂಟು. ಮುಚ್ಚಿದ ಒಂದು ಐಸ್ ಪ್ಲಾಂಟಿನ ಶೆಡ್ಡನ್ನ ಅದರ ಯಜಮಾನ್ರು ಬಾಯಿ ಮಾತಲ್ಲಿ ಕೊಟ್ಟಿದ್ರು, ಬಹಳ ಒಳ್ಳೆಯವರು, ನಾವೂ ಕಾಗದ ಕೇಳ್ಳಿಲ್ಲ, ಕೇಳಿದ್ರೆ ಅವರಿಗೆ ಬೇಜಾರಾಗ್ತದೆ ಅಂತ. ಅವರು ತೀರಿಹೋದ ಮೇಲೆ ಜಾಗ ಮಾರಾಟ ಆಯ್ತು, ನಮಗೆ ಸಿಕ್ಕಿದ್ದು ಹತ್ತು ದಿನ, ಅದೂ ಜೋರು ಮಳೆಗಾಲ. ಎರಡು ದೋಣಿ ಸಾಗಿಸ್ಲಿಕ್ಕೆ ಆಗದೆ ಸೌದೆ ಆಯ್ತು. ಅದರಲ್ಲಿ ಒಂದು ರಂಪಣಿಯದ್ದು, 70ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ದಡಕ್ಕೆ ಹತ್ತಿದ್ದು ಮತ್ತೆ ಕಡಲಿಗೆ ಇಳಿಲೇ ಇಲ್ಲ, ಅದರ ಹಲಗೆ ಹೊಲಿದ ತೆಂಗಿನ ಹುರಿಯ ತುಂಡು ಮಾತ್ರ ನನ್ನ ಹತ್ರ ಉಂಟು. ಹಾಗಾಗಿ ಜಾಗ ಕೊಡುವವರು ಎಷ್ಟೇ ಹತ್ತಿರದವರಾಗ್ಲಿ, ಕಡಿಮೆ ಅಂದ್ರೆ ಐದು ವರ್ಷದ ಲೀಸ್ ಬರೆಸಿ. ಒಂದು ವರ್ಷಕ್ಕಿಂತ ಹೆಚ್ಚಿನದ್ದನ್ನ ನೋಂದಣಿ ಮಾಡಿಸ್ಬೇಕು. ಬಿಡಿಸುದಾದ್ರೆ ಆರು ತಿಂಗಳು ಮೊದಲು ಹೇಳ್ಬೇಕು ಅಂತ ಅದರಲ್ಲಿ ಹಾಕಿ. ವಸ್ತು ಕೊಡುವವರ ಹತ್ರಾನೂ ಹಾಗೇ, ಪೂರ್ತಿ ಕೊಟ್ಟದ್ದಾ, ಇಟ್ಕೊಳ್ಳಿ ಅಂತ ಕೊಟ್ಟದ್ದಾ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ತಗೊಳ್ಳಿ, ಕೊಟ್ಟವರು ಇಲ್ಲವಾದ ಮೇಲೆ ಮಕ್ಕಳು ಬಂದು ಕೇಳಿದ್ರೆ ಇಬ್ಬರಿಗೂ ಕಷ್ಟ.

ಕಾಗದಪತ್ರ ಬೇಗ ಹೇಳಿ ಮುಗಿಸ್ತೇನೆ, ನಿಮ್ಮ ಸಿಎ ಹತ್ರ ಒಮ್ಮೆ ಕೂತು ಮಾತಾಡಿ. ಟ್ರಸ್ಟ್ ಡೀಡ್ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಮಾಡಿಸಿ, ಪ್ಯಾನ್, ಬ್ಯಾಂಕ್ ಖಾತೆ, ಆಮೇಲೆ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ, ಎರಡೂ 1961ರ ಆದಾಯ ತೆರಿಗೆ ಕಾಯ್ದೆಯ ಹೆಸರುಗಳು. ಇವು ಹೊಸ ಟ್ರಸ್ಟಿಗೆ ಮೊದಲು ತಾತ್ಕಾಲಿಕವಾಗಿ 3 ವರ್ಷಕ್ಕೆ ಸಿಗ್ತದೆ. 80ಜಿ ಇದ್ರೆ ಕೊಟ್ಟವರಿಗೆ ಟ್ಯಾಕ್ಸಲ್ಲಿ ವಿನಾಯಿತಿ, ಆದ್ರೆ ಹೊಸ ತೆರಿಗೆ ಪದ್ಧತಿ ಆರಿಸಿದವರಿಗೆ ಅದು ಇಲ್ಲ, ಮತ್ತೆ 2,000 ರೂಪಾಯಿಗಿಂತ ಹೆಚ್ಚು ಕ್ಯಾಶ್ ಕೊಟ್ರೂ ಇಲ್ಲ, ಇದನ್ನ ಮೊದಲೇ ಹೇಳಿ, ಆಮೇಲೆ ಬೇಸರ ಬೇಡ. ವರ್ಷ ಮುಗಿದ ಮೇಲೆ ಮೇ 31ರ ಒಳಗೆ ದಾನಿಗಳ ಲೆಕ್ಕ ಆನ್‌ಲೈನಲ್ಲಿ ಹಾಕಿ ಸರ್ಟಿಫಿಕೇಟ್ ಕೊಡ್ಬೇಕು. ಇಂಗ್ಲೆಂಡಲ್ಲಿ ಗಿಫ್ಟ್ ಏಡ್ ಅಂತ ಉಂಟು, ಅಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ತಗೊಳ್ಳಬಹುದು. ನಮ್ಮಲ್ಲಿ ಲಾಭ ಕೊಟ್ಟವನಿಗೆ, ಅಲ್ಲಿ ಸಂಸ್ಥೆಗೂ ಬರ್ತದೆ.

ಸಿಎಸ್ಆರ್, ಅಂದ್ರೆ ದೊಡ್ಡ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡ್ಬೇಕಾದ ದುಡ್ಡು, ಅಂತ ಎಲ್ಲರೂ ಹೇಳ್ತಾರೆ. ಪರಂಪರೆ, ಕಲೆ, ಸಂಸ್ಕೃತಿ ಉಳಿಸುದು ಸಿಎಸ್ಆರ್ ಪಟ್ಟಿಯಲ್ಲಿ ಇರುದು ಹೌದು, ಆದ್ರೆ ಟ್ರಸ್ಟಿಗೆ 3 ವರ್ಷದ ಕೆಲಸದ ದಾಖಲೆ ಬೇಕು, ಸಿಎಸ್ಆರ್-1 ನೋಂದಣಿ ಬೇಕು. ಕಂಪನಿಗೂ 500 ಕೋಟಿ ನೆಟ್‌ವರ್ತ್, ಇಲ್ಲಾಂದ್ರೆ 1,000 ಕೋಟಿ ವ್ಯವಹಾರ, ಇಲ್ಲಾಂದ್ರೆ 5 ಕೋಟಿ ನಿವ್ವಳ ಲಾಭ ಇದ್ರೆ ಮಾತ್ರ ಆ ನಿಯಮ. ಅಂದ್ರೆ ಊರಿನ ಫಿಶ್‌ಮಿಲ್ಲು, ಗೇರುಬೀಜದ ಫ್ಯಾಕ್ಟರಿ, ಹಂಚಿನ ಕಾರ್ಖಾನೆಯವರ ಹತ್ರ ಹೋಗಿ ಸಿಎಸ್ಆರ್ ಅಂತ ಹೇಳುದಕ್ಕಿಂತ ಪಟ್ಟಿ ತೋರಿಸುದೇ ಒಳ್ಳೇದು. ನಮಗೆ ಒಂದು ಕಂಪನಿಯವರು ಎರಡು ವರ್ಷ ಕೊಡ್ತೇವೆ ಕೊಡ್ತೇವೆ ಅಂತ ಓಡಾಡಿಸಿದ್ರು, ಅಷ್ಟು ಹೊತ್ತಲ್ಲಿ ನಾವು ಎರಡು ಎಂಜಿನ್ ಬಿಚ್ಚಿ ಜೋಡಿಸಬಹುದಿತ್ತು.

ಇನ್ನು ಮುಂಬೈ, ಗಲ್ಫಿನಲ್ಲಿ ಇರುವ ನಮ್ಮ ಊರಿನವರು. ಇಲ್ಲಿಯ ಯಾವ ದೇವಸ್ಥಾನ, ಶಾಲೆ ತಗೊಳ್ಳಿ, ಮುಂಬೈ ಸಮಿತಿ ಅಂತ ಒಂದು ಇರ್ತದೆ, ನೀವೂ ಮಾಡಿ. ದುಬೈ, ಕುವೈತ್‌ನಲ್ಲಿ ಇರುವವರು ಭಾರತದ ಪಾಸ್‌ಪೋರ್ಟ್ ಇಟ್ಕೊಂಡವರಾದ್ರೆ ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುದಿಲ್ಲ. ಆದ್ರೆ ಅಮೆರಿಕ, ಇಂಗ್ಲೆಂಡಿನ ಪೌರತ್ವ ತಗೊಂಡವರು ನಮ್ಮ ಸ್ವಂತ ಭಾವನೇ ಆಗಿದ್ರೂ, ಅವರ ಹತ್ರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿಯರಿಗೆ ಕೊಡುವುದು) ಇದ್ರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ತಗೊಳ್ಳಲಿಕ್ಕೆ ಕೇಂದ್ರ ಸರ್ಕಾರದ ಅನುಮತಿ) ಇಲ್ಲದೆ ಒಂದು ರೂಪಾಯಿ ತಗೊಳ್ಳುವ ಹಾಗಿಲ್ಲ. ಅದಕ್ಕೆ 3 ವರ್ಷ ಹಳೆಯ ಸಂಸ್ಥೆ ಆಗಿರ್ಬೇಕು, 15 ಲಕ್ಷ ಖರ್ಚು ಮಾಡಿದ ಲೆಕ್ಕ ಬೇಕು. ಸಣ್ಣವರಿಗೆ ಅದು ದೂರದ ಮಾತು. ಅಂಥವರ ಹತ್ರ ದುಡ್ಡು ಬೇಡ, ಅವರ ಅಪ್ಪನ ಹಳೆ ಫೋಟೋ ಕೇಳಿ, ತಾಂಡೇಲ (ಬೋಟ್ ನಡೆಸುವ ಮುಖ್ಯಸ್ಥ) ಆಗಿದ್ದ ಅಜ್ಜನ ಕಥೆ ಫೋನಲ್ಲಿ ಹೇಳಿಸಿ ರೆಕಾರ್ಡ್ ಮಾಡಿ. ನಮ್ಮಲ್ಲಿ ಇರುವ ಅತಿ ಒಳ್ಳೆಯ ಫೋಟೋ, ನಲ್ವತ್ತು ಜನ ಸಾಲಾಗಿ ನಿಂತು ರಂಪಣಿ ಎಳೆಯುದು, ಬಂದದ್ದು ಹಾಗೆ.

ಸಮಯ ನೋಡಿ ಕೇಳಿ, ಇದು ಕರಾವಳಿಯವರಿಗೆ ಮುಖ್ಯ. ಜೂನ್ 1ರಿಂದ ಜುಲೈ 31, ಯಾಂತ್ರಿಕ ಮೀನುಗಾರಿಕೆ ಬಂದ್ ಇರುವ 61 ದಿನ, ಕೈ ಕೇಳುವ ಕಾಲ, ದುಡ್ಡು ಕೇಳುವ ಕಾಲ ಅಲ್ಲ. ಬೋಟಿನ ಹುಡುಗರು ಮನೆಯಲ್ಲಿ ಇರ್ತಾರೆ, ಭಾರ ಎತ್ತುವ ಕೆಲಸ ಎಲ್ಲ ಆಗ ಇಟ್ಕೊಳ್ಳಿ, ಚಾ, ಗೋಳಿಬಜೆ ಖರ್ಚು ನಿಮ್ಮದು. ಡಿಸೆಂಬರ್‌ನಿಂದ ಮೇವರೆಗೆ ಜಾತ್ರೆ, ಕೋಲ, ಬ್ರಹ್ಮಕಲಶ, ಹರಕೆಯ ಯಕ್ಷಗಾನ ಆಟ, ಪ್ರತಿ ಮನೆಯಲ್ಲೂ ನಾಲ್ಕು ರಶೀದಿ ಪುಸ್ತಕ ಬಂದಿರ್ತದೆ, ಆ ಸಾಲಲ್ಲಿ ನೀವು ನಿಲ್ಲುದು ಬೇಡ. ಒಳ್ಳೆ ಮೀನು ಬಿದ್ದ ವರ್ಷ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೇಳಿದ್ರೆ ಜನ ಸಂತೋಷದಲ್ಲಿ ಕೊಡ್ತಾರೆ.

ಸಣ್ಣ ಕೊಡುಗೆಗೆ ದೊಡ್ಡ ರಶೀದಿ ಕೊಡಿ. ತಿಂಗಳಿಗೆ ನೂರು ರೂಪಾಯಿ ಹಾಕುವ ಅರುವತ್ತು ಜನ ನಮಗೆ ಇದ್ದಾರೆ, ಕರೆಂಟ್ ಬಿಲ್, ಕಾವಲಿನವರ ಸಂಬಳದ ಒಂದು ಭಾಗ ಅದರಲ್ಲೇ ಹೋಗುದು. ಇವರಿಗೆ ಪ್ರತಿ ತಿಂಗಳು ಒಂದು ಫೋಟೋ ಕಳಿಸ್ತೇವೆ, ಸಮಾರಂಭದ್ದಲ್ಲ, ಕೆಲಸದ್ದು: ಜಂಕು ತೆಗೆಯುವ ಮೊದಲಿನ ಬೋಲ್ಟು, ತೆಗೆದ ಮೇಲಿನ ಬೋಲ್ಟು, ಅಷ್ಟೇ. ವಾಪಸ್ ಮೆಸೇಜ್ ಬರುದು ನೋಡ್ಬೇಕು ಮಾರ್ರೆ, ಸಿಂಗಾಪುರದಲ್ಲಿ ಹಡಗಿನಲ್ಲಿ ಇರುವ ಹುಡುಗ ಆ ಬೋಲ್ಟಿನ ಸೈಜ್ ಎಷ್ಟು ಅಂತ ಕೇಳ್ತಾನೆ.

ಕುಂದಾಪುರದವರಿಗೆ ನಾನು ಹೇಳಿದ್ದು, ಈ ವಾರ ಬೇಕಾದ್ದರ ಪಟ್ಟಿ ಬರೀರಿ, ಹದಿನೈದು ಸಾಲಿಗಿಂತ ಹೆಚ್ಚು ಬೇಡ, ಮೊದಲ ಐದು ಸಾಲಲ್ಲಿ ದುಡ್ಡಿನ ಮಾತೇ ಇರ್ಬಾರ್ದು. ಬರುವ ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಅಲ್ಲಿಗೆ ಹೋಗ್ತೇವೆ, ಗಾಣದ ಮರಕ್ಕೆ ಗೆದ್ದಲು ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡ್ಲಿಕ್ಕೆ. ಆ ಕಡೆಯವರು ಯಾರಾದ್ರೂ ಬರುದಾದ್ರೆ ಹಳೆ ಕಾಟನ್ ಬಟ್ಟೆ, ಒಂದು ಮೆತ್ತನೆ ಬ್ರಷ್ ತನ್ನಿ, ಮರದ ಆಚಾರಿ ಕೆಲಸ ಗೊತ್ತಿರುವವರು ಒಬ್ರು ಬಂದ್ರೆ ಬಹಳ ಉಪಕಾರ.